ಗೋಡೆಯ ಮೇಲೆ ನಡೆಯುವ ಗೂಡು ಮತ್ತು ಅದರೊಳಗಿನ ಪತಂಗ

ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಇದನ್ನು ನೋಡದವರು ಇರಲಿಕ್ಕಿಲ್ಲ. ಬಚ್ಚಲುಮನೆಯ ಬಾಗಿಲ ಹಿಂದೆ, ಕ್ಯಾಲೆಂಡರ್ ಎತ್ತಿದರೆ ಅದರ ಅಡಿಯಲ್ಲಿ, ಕಪಾಟು ಸರಿಸಿದರೆ ಅದರ ಹಿಂದಿನ ಗೋಡೆಯಲ್ಲಿ, ಬೂದು ಬಣ್ಣದ ಚಪ್ಪಟೆ ಗೂಡೊಂದು ಅಂಟಿಕೊಂಡಿರುತ್ತದೆ. ಮಂಗಳೂರು ಸೌತೆಯ ಬೀಜದ ಆಕಾರ, ಅದಕ್ಕಿಂತ ಸ್ವಲ್ಪ ಉದ್ದ. ನಡುವೆ ಅಗಲ, ಎರಡೂ ತುದಿ ಕಿರಿದು. ನೋಡಿದರೆ ಜೀವ ಇರುವ ಹಾಗೆ ಕಾಣುವುದಿಲ್ಲ. ಆದರೆ ಸುಮ್ನೆ ಸ್ವಲ್ಪ ಹೊತ್ತು ನಿಂತರೆ ಒಂದು ತುದಿಯಿಂದ ಕಂದು ಬಣ್ಣದ ಪುಟ್ಟ ತಲೆ ಹೊರಗೆ ಬರುತ್ತದೆ, ಕಾಲುಗಳು ಬರುತ್ತವೆ, ಗೂಡು ಮುಂದಕ್ಕೆ ಸರಿಯುತ್ತದೆ.

ಗೂಡು ಎಲ್ಲರಿಗೂ ಗೊತ್ತು. ಅದರೊಳಗಿಂದ ಕೊನೆಗೆ ಏನು ಹೊರಬರುತ್ತದೆ ಅಂತ ಕೇಳಿದರೆ ಹೆಚ್ಚಿನವರಿಗೆ ಗೊತ್ತಿಲ್ಲ. ನಮ್ಮಮ್ಮ ತುಳುವಿನಲ್ಲಿ ಬರೀ 'ಪುರಿ' ಅನ್ನುತ್ತಾರೆ. ಹುಳ, ಅಷ್ಟೇ. ನಾನು ಟಾರ್ಚ್ ಹಿಡಿದು ಗೋಡೆ ಪಕ್ಕ ಕೂತರೆ "ಎಂತ ನೋಡುದು ಅದನ್ನು, ಗುಡಿಸಿ ಬಿಸಾಡು ಮಾರಾಯ್ತಿ" ಅನ್ನುತ್ತಾರೆ. ಅಮ್ಮನ ತಪ್ಪಲ್ಲ. ಗೂಡಿನ ಮಾಲೀಕ ಹಾರುವುದನ್ನು ಯಾರೂ ನೋಡುವುದಿಲ್ಲ. ನೋಡಿದರೂ ಈ ಗೂಡಿಗೂ ಆ ಸಣ್ಣ ಬೂದು ಪತಂಗಕ್ಕೂ ಸಂಬಂಧ ಇದೆ ಅಂತ ತಲೆಗೆ ಹೊಳೆಯುವುದಿಲ್ಲ.

ಅದು ಪತಂಗ. ಫೆರಿಯೀಕಾ ಎಂಬ ಕುಲದ್ದು, ಟಿನಿಡೇ ಎಂಬ ಕುಟುಂಬದ್ದು. ಈ ಎರಡು ಹೆಸರು ಗಟ್ಟಿಯಾಗಿ ಹೇಳಬಹುದು. ಮೂರನೆಯದನ್ನು, ಅಂದರೆ ಪ್ರಭೇದದ ಹೆಸರನ್ನು, ನಾನು ಯಾಕೆ ಹೇಳುತ್ತಿಲ್ಲ ಅನ್ನುವುದೇ ಈ ಬರಹದ ವಿಷಯ. ಅಲ್ಲಿಗೆ ಹೋಗುವ ಮೊದಲು ಗೂಡನ್ನು ಸರಿಯಾಗಿ ನೋಡಬೇಕು, ಯಾಕೆಂದರೆ ಈ ಪತಂಗದ ಹೆಸರಿನ ಕಥೆಯಲ್ಲಿ ಗೂಡಿಗೂ ಒಂದು ಪಾತ್ರ ಇದೆ.

ಮೊಟ್ಟೆಯಿಂದ ಹೊರಬಂದ ಮರಿ ಮೊದಲು ಬಾಯಿಂದ ನೂಲು ತೆಗೆದು ಒಂದು ಸಣ್ಣ ಕಮಾನು ಕಟ್ಟುತ್ತದೆ. ಕಮಾನಿನ ಎರಡೂ ಬುಡ ಗೋಡೆಗೆ ಅಂಟಿರುತ್ತದೆ. ಅದರ ಹೊರಮೈಗೆ ಕೈಗೆ ಸಿಕ್ಕಿದ್ದನ್ನೆಲ್ಲ ಅಂಟಿಸುತ್ತದೆ: ಮರಳಿನ ಕಣ, ಕಬ್ಬಿಣದ ತುಕ್ಕು, ಬೇರೆ ಹುಳಗಳ ಹಿಕ್ಕೆ, ಕೂದಲಿನ ತುಂಡು, ಸತ್ತ ಇರುವೆಯ ಕಾಲು. ಒಳಮೈಗೆ ಮಾತ್ರ ಬರೀ ರೇಷ್ಮೆ, ಒಂದು ಕಸದ ಕಣವೂ ಇಲ್ಲ. ಕಮಾನನ್ನು ಉದ್ದ ಮಾಡುತ್ತಾ ಸುರಂಗ ಮಾಡುತ್ತದೆ. ಆಮೇಲೆ ಅಡಿಭಾಗವನ್ನೂ ಮುಚ್ಚಿ, ಗೋಡೆಯಿಂದ ಬಿಡಿಸಿಕೊಂಡು, ಗೂಡನ್ನು ಎಳೆದುಕೊಂಡು ಹೊರಡುತ್ತದೆ. ಅಲ್ಲಿಂದ ಮುಂದೆ ಪೊರೆ ಬಿಟ್ಟ ಹಾಗೆಲ್ಲ ಗೂಡನ್ನೂ ದೊಡ್ಡದು ಮಾಡುತ್ತಾ ಹೋಗುತ್ತದೆ, ಕೊನೆಯ ಹೊತ್ತಿಗೆ ಅದು 8ರಿಂದ 14 ಮಿಲಿಮೀಟರ್ ಉದ್ದ, 3ರಿಂದ 5 ಮಿಲಿಮೀಟರ್ ಅಗಲ ಆಗಿರುತ್ತದೆ.

ನಡುವೆ ಅಗಲ ಇರುವುದಕ್ಕೆ ಕಾರಣ ಇದೆ. ಗೂಡಿಗೆ ಎರಡೂ ಕಡೆ ಬಾಗಿಲು. ಹುಳ ಒಳಗೇ ತಿರುಗಿ ಇನ್ನೊಂದು ತುದಿಯಿಂದ ತಲೆ ಹೊರಹಾಕಬಲ್ಲದು, ಆ ತಿರುವಿಗೆ ಜಾಗ ಬೇಕಲ್ವಾ. ಮುಟ್ಟಿದರೆ ಒಳಗೆ ಸರಕ್ಕನೆ ಸೇರಿಕೊಳ್ಳುತ್ತದೆ. ತುದಿಯೂ ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ. ಸ್ವಲ್ಪ ಹೊತ್ತು ಕಳೆದ ಮೇಲೆ ಅದೇ ಹುಳ ನಾವು ಕಾಯದೇ ಇದ್ದ ತುದಿಯಿಂದ ಹೊರಗೆ ಇಣುಕುತ್ತದೆ. ಹೊರಗೆ ಬರುವುದು ತಲೆ ಮತ್ತು ಎದೆಯ ಭಾಗ ಮಾತ್ರ. ಅವು ಕಂದು, ಗಟ್ಟಿ. ಒಳಗೆ ಉಳಿಯುವ ಹೊಟ್ಟೆ ಬಿಳಿ, ಮೆತ್ತಗೆ. ಮುಂದಿನ ಮೂರು ಜೊತೆ ಕಾಲುಗಳಿಂದ ಗೋಡೆ ಹಿಡಿದು ಎಳೆಯುತ್ತದೆ, ಹಿಂದಿನ ಮೆತ್ತನೆಯ ಕಾಲುಗಳಿಂದ ಗೂಡನ್ನು ಒಳಗಿನಿಂದ ಹಿಡಿದಿರುತ್ತದೆ.

ಗೂಡಿನ ಬಣ್ಣ ಮನೆಗೆ ತಕ್ಕ ಹಾಗೆ ಬದಲಾಗುತ್ತದೆ. ನನ್ನ ಫ್ಲಾಟಿನಲ್ಲಿ ಗೋಡೆಗೆ ಬಿಳಿ ಪುಟ್ಟಿ ಹಾಕಿದ್ದಾರೆ, ಇಲ್ಲಿನ ಗೂಡುಗಳು ಬಿಳಿಚಿದ ಬೂದು. ಉಡುಪಿ ಹತ್ತಿರದ ದೊಡ್ಡಮ್ಮನ ಮನೆ ಹಳೆಯದು, ಕೆಂಪು ಕಲ್ಲಿನದ್ದು, ಹಿಂಬದಿಯ ಕೋಣೆಗೆ ಗಾರೆಯನ್ನೂ ಹಾಕಿಲ್ಲ. ಅಲ್ಲಿ ಗೂಡುಗಳು ಇಟ್ಟಿಗೆ ಬಣ್ಣ. ದೇವರ ಕೋಣೆಯ ಮೂಲೆಯಲ್ಲಿ ಸಿಕ್ಕ ಒಂದನ್ನು ಭೂತಗನ್ನಡಿಯಲ್ಲಿ ನೋಡಿದೆ. ಮೈಯೆಲ್ಲ ಊದುಬತ್ತಿಯ ಬೂದಿ, ನಡುವೆ ಕುಂಕುಮದ ಎರಡು ಮೂರು ಕಣ, ಒಂದು ತುದಿಯ ಹತ್ತಿರ ಸೊಳ್ಳೆಯ ರೆಕ್ಕೆಯ ಚೂರು ಅಡ್ಡಲಾಗಿ ಅಂಟಿತ್ತು, ಬೆಳಕು ಬಿದ್ದಾಗ ಅದು ಮಿನುಗುತ್ತಿತ್ತು. ದೊಡ್ಡಮ್ಮ ನನ್ನ ಕೈಯಿಂದ ಕನ್ನಡಿ ತೆಗೆದುಕೊಂಡು ಸುಮಾರು ಹೊತ್ತು ನೋಡಿದರು. ಆಮೇಲೆ ಹಿಡಿಸೂಡಿಯನ್ನು ಬೇರೆ ಮೂಲೆಗೆ ತೆಗೆದುಕೊಂಡು ಹೋದರು.

ಈಗ ಪತಂಗಕ್ಕೆ ಬರೋಣ. ಹುಳ ಗೂಡಿನೊಳಗೇ ಕೋಶವಾಗುತ್ತದೆ. ಸಾಮಾನ್ಯವಾಗಿ ಎರಡು ವಾರದ ಆಸುಪಾಸಿನಲ್ಲಿ ಪತಂಗ ಹೊರಗೆ ಬರುತ್ತದೆ, ಕೋಶದ ಖಾಲಿ ಸಿಪ್ಪೆ ಗೂಡಿನ ತುದಿಯಲ್ಲಿ ಅರ್ಧ ಹೊರಗೆ ನೇತುಕೊಂಡಿರುತ್ತದೆ. ಗೋಡೆಯಲ್ಲಿ ಅಂಥ ಗೂಡು ಕಂಡರೆ ಪತಂಗ ಆಗಲೇ ಹೋಗಿದೆ ಅಂತ ಅರ್ಥ.

ಹೆಣ್ಣು ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ 10ರಿಂದ 13 ಮಿಲಿಮೀಟರ್. ಗಂಡು ಇನ್ನೂ ಸಣ್ಣದು, 7ರಿಂದ 9 ಮಿಲಿಮೀಟರ್, ಮೈಯೂ ತೆಳ್ಳಗೆ. ಬಣ್ಣ ಬೂದು. ಮುಂದಿನ ರೆಕ್ಕೆಯ ಮೇಲೆ ಕಪ್ಪು ಚುಕ್ಕೆಗಳಿವೆ, ಹೆಣ್ಣಿನಲ್ಲಿ ನಾಲ್ಕರವರೆಗೆ ಎಣಿಸಬಹುದು, ಗಂಡಿನಲ್ಲಿ ಅವು ಮಸುಕು. ಹಿಂದಿನ ರೆಕ್ಕೆಯ ಅಂಚಿನಲ್ಲಿ ಉದ್ದುದ್ದ ತಿಳಿಬೂದು ರೋಮಗಳ ಕುಚ್ಚು. ಕೂದಲಿನ ಹಾಗಿರುವ ಆ ರೋಮಗಳೂ ನಿಜಕ್ಕೆ ಹುರುಪೆಗಳೇ, ಅಂದರೆ ಪತಂಗದ ಮೈ, ರೆಕ್ಕೆ ಮುಚ್ಚುವ ಪುಡಿಯಂಥ ಪುಟ್ಟ ಬಿಲ್ಲೆಗಳು. ತಲೆಯ ಮೇಲಿನ ಹುರುಪೆಗಳು ಒರಟಾಗಿ, ಕೆದರಿಕೊಂಡು ನಿಂತಿರುತ್ತವೆ. ಬೇರೆ ಸಣ್ಣ ಪತಂಗಗಳ ತಲೆ ಹೆಚ್ಚಾಗಿ ನುಣುಪಾಗಿ ಬಾಚಿದ ಹಾಗಿರುತ್ತದೆ, ಹಾಗಾಗಿ ಕೆದರಿದ ತಲೆ ಕಂಡರೆ ಟಿನಿಡೇ ಕುಟುಂಬದ ಕಡೆಗೆ ಯೋಚನೆ ಹೋಗಬೇಕು. ಇದೊಂದು ಗುರುತು ನನಗೆ ಬಹಳ ಸಲ ದಾರಿ ತೋರಿಸಿದೆ.

ಆದರೆ ಇಷ್ಟೆಲ್ಲ ಗುರುತು ಹೇಳಿದ ಮೇಲೂ ಪ್ರಭೇದದ ಹೆಸರು ಸಿಕ್ಕುವುದಿಲ್ಲ.

1892ರಲ್ಲಿ ವಿಯೆನ್ನಾದ ಹಾನ್ಸ್ ರೆಬೆಲ್ ಎಂಬ ವಿಜ್ಞಾನಿ ಕೆನರಿ ದ್ವೀಪಗಳ ಪತಂಗಗಳ ಬಗ್ಗೆ ಬರೆಯುತ್ತಾ, ಈಗ ಫೆರಿಯೀಕಾ ಕುಲದಲ್ಲಿರುವ ಒಂದಕ್ಕೆ ಅಲ್ಯುಟೆಲ್ಲ ಅಂತ ಹೆಸರಿಟ್ಟರು. 1897ರಲ್ಲಿ ಇಂಗ್ಲೆಂಡಿನ ವಾಲ್ಸಿಂಗಮ್ ಇನ್ನೊಂದಕ್ಕೆ ಯುಟೆರೆಲ್ಲ ಅಂತ ಹೆಸರಿಟ್ಟರು. ಈ ವಾಲ್ಸಿಂಗಮ್ ಒಬ್ಬ ಬ್ಯಾರನ್, ಬೇಟೆಯಲ್ಲಿ ದೊಡ್ಡ ಹೆಸರು ಮಾಡಿದವರು, ಕ್ರಿಕೆಟ್ ಆಟಗಾರ, ಜೊತೆಗೆ ತನ್ನ ಕಾಲದ ಅತಿ ದೊಡ್ಡ ಸಣ್ಣ ಪತಂಗಗಳ ಸಂಗ್ರಹದ ಒಡೆಯ. ಆ ಸಂಗ್ರಹದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಾದರಿಗಳಿದ್ದವು, 1910ರಲ್ಲಿ ಅದು ಬ್ರಿಟಿಷ್ ಮ್ಯೂಸಿಯಂ ಸೇರಿತು. 1930ರ ದಶಕದಲ್ಲಿ ಅಮೆರಿಕದ ಫ್ಲಾರಿಡಾದ ಮನೆಗಳ ಗೋಡೆಯಲ್ಲಿ ಈ ಗೂಡುಗಳು ಜಾಸ್ತಿಯಾದಾಗ ಅಲ್ಲಿನ ಜನ ಅದನ್ನು ಪ್ಲಾಸ್ಟರ್ ಬ್ಯಾಗ್‌ವರ್ಮ್ ಅಂತ ಕರೆದರು. ಆಗಸ್ಟ್ ಬಸ್ಕ್ ಎಂಬ ವಿಜ್ಞಾನಿ ಅದನ್ನು ಹೊಸ ಪ್ರಭೇದ ಅಂತ ತಿಳಿದು, ವಾಲ್ಸಿಂಗಮ್ ಮೇಲಿನ ಗೌರವದಿಂದ ಟಿನಿಯೋಲಾ ವಾಲ್ಸಿಂಗಮಿ ಎಂದು ಹೆಸರಿಟ್ಟರು. ಮುಂದೆ ಗೊತ್ತಾಗಿದ್ದು, ಅದು ವಾಲ್ಸಿಂಗಮ್ ಅವರೇ ಹಿಂದೆ ಹೆಸರಿಟ್ಟಿದ್ದ ಯುಟೆರೆಲ್ಲ! ಮೊದಲು ಇಟ್ಟ ಹೆಸರೇ ನಿಲ್ಲಬೇಕು ಅನ್ನುವುದು ನಿಯಮ. ಹಾಗಾಗಿ ಗೌರವದ ಹೆಸರು ಪಕ್ಕಕ್ಕೆ ಸರಿಯಿತು.

ಆಗ ಇದನ್ನು ಟಿನಿಯೋಲಾ ಎಂಬ ಕುಲದಲ್ಲಿ ಇಟ್ಟಿದ್ದರು. ಉಣ್ಣೆ ಬಟ್ಟೆ ತಿನ್ನುವ ಪ್ರಸಿದ್ಧ ಪತಂಗ ಇರುವುದು ಆ ಕುಲದಲ್ಲಿ. ಆದರೆ ಆ ಬಟ್ಟೆ ಪತಂಗದ ಹುಳ ಹೀಗೆ ಹೊತ್ತು ತಿರುಗುವ ಗೂಡು ಕಟ್ಟುವುದಿಲ್ಲ. ತಿನ್ನುವ ಬಟ್ಟೆಯ ಮೇಲೆಯೇ ನೂಲಿನ ಕೊಳವೆ ಮಾಡಿಕೊಂಡು ಅಲ್ಲೇ ಇರುತ್ತದೆ. ಗೂಡು ಹೊತ್ತುಕೊಂಡು ನಡೆಯುವ ಇನ್ನೊಂದು ಬಟ್ಟೆ ಪತಂಗವೂ ಇದೆ, ಟಿನಿಯಾ ಪೆಲಿಯೊನೆಲ್ಲ, 1758ರಲ್ಲಿ ಲಿನೇಯಸ್ ಹೆಸರಿಟ್ಟದ್ದು. ಅದರ ಗೂಡು ದುಂಡನೆಯ ಕೊಳವೆ. ನಮ್ಮ ಗೋಡೆಯ ಗೂಡು ಚಪ್ಪಟೆ. 1956ರಲ್ಲಿ ಎಚ್. ಇ. ಹಿಂಟನ್ ಮತ್ತು ಜೆ. ಡಿ. ಬ್ರಾಡ್ಲಿ ಎಂಬ ಇಬ್ಬರು ಚಪ್ಪಟೆ ಗೂಡಿನ ಪತಂಗಗಳನ್ನು ನಿಜವಾದ ಟಿನಿಯೋಲಾಗಳಿಂದ ಬೇರೆ ಮಾಡಿ ಫೆರಿಯೀಕಾ ಎಂಬ ಹೊಸ ಕುಲ ಮಾಡಿದರು. ನನಗೆ ಈ ಕೆಲಸದ ಮೇಲೆ ತುಂಬ ಗೌರವ. ಅಲ್ಲಿಯವರೆಗೆ ಹೆಸರಿಟ್ಟವರು ಹೆಚ್ಚಾಗಿ ಗುಂಡುಸೂಜಿಗೆ ಚುಚ್ಚಿದ ಸತ್ತ ಪತಂಗವನ್ನು ನೋಡಿದರು, ಅದು ಹುಳವಾಗಿದ್ದಾಗ ಹೇಗೆ ಬದುಕಿತ್ತು ಅನ್ನುವುದು ಅವರ ಮುಂದೆ ಇರಲಿಲ್ಲ. ಗೂಡನ್ನೂ ಹುಳವನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಗುಂಪು ಸರಿಹೋಯಿತು. ನಮ್ಮ ಮನೆಯ ಗೋಡೆಯಲ್ಲಿ ಎಲ್ಲರಿಗೂ ಕಾಣುವ, ಎಲ್ಲರೂ ಗುಡಿಸಿ ಬಿಸಾಡುವ ಆ ಗೂಡೇ ಇಲ್ಲಿ ಸಾಕ್ಷಿಗೆ ಬಂತು.

ಸಣ್ಣ ಪತಂಗಗಳ ವರ್ಗೀಕರಣದ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಸಣ್ಣದು, ಬೂದು ಬಣ್ಣದ್ದು ಅಂದ ಕೂಡಲೇ ಎಲ್ಲವನ್ನೂ ಒಂದೇ ಗುಂಪಿಗೆ ಹಾಕುವ ಅಭ್ಯಾಸ ನಮ್ಮಲ್ಲಿದೆ. ವಿಜ್ಞಾನಿಗಳೂ ಅನುಕೂಲಕ್ಕೆ ಮೈಕ್ರೋ, ಮ್ಯಾಕ್ರೋ ಅಂತ ಎರಡು ಪಾಲು ಮಾಡುತ್ತಾ ಬಂದಿದ್ದಾರೆ. ಬ್ರಿಟಿಷರ ಕಾಲದಲ್ಲಿ 1892ರಿಂದ 1896ರವರೆಗೆ ಹ್ಯಾಂಪ್ಸನ್ ಎಂಬ ವಿಜ್ಞಾನಿ ಭಾರತದ ಪತಂಗಗಳ ಬಗ್ಗೆ ನಾಲ್ಕು ಸಂಪುಟ ತಂದರು. ಟಿನಿಡೇಯಂಥ ಪುಟ್ಟ ಪತಂಗಗಳ ವಿವರ ಅವುಗಳಲ್ಲಿ ಇಲ್ಲ. ಆ ಕೆಲಸದ ದೊಡ್ಡ ಪಾಲು ಎಡ್ವರ್ಡ್ ಮೇರಿಕ್ ಎಂಬ ಇಂಗ್ಲೆಂಡಿನ ಶಾಲಾ ಮಾಸ್ತರರ ಮೇಲೆ ಬಿತ್ತು. ಪಾಠ ಮಾಡುತ್ತಲೇ ಅವರು ಲೋಕದ ಸಾವಿರಾರು ಸಣ್ಣ ಪತಂಗಗಳಿಗೆ ಹೆಸರಿಟ್ಟರು. ಅವರ ವಿವರಣೆಗಳಲ್ಲಿ ಕಾರವಾರ, ಕೊಡಗು ಅನ್ನುವ ಊರ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಓದುವಾಗ ಖುಷಿಯಾಗುತ್ತದೆ.

ನಮ್ಮ ತೆಂಗಿನ ತೋಟಗಳಿಗೆ ಕಾಟ ಕೊಡುವ ಕಪ್ಪು ತಲೆ ಹುಳುವಿನ ಪತಂಗವನ್ನೇ ತೆಗೆದುಕೊಳ್ಳಿ. ಅದೂ ಬೂದು, ಅದೂ ಸಣ್ಣದು, ರೆಕ್ಕೆ ಬಿಚ್ಚಿದರೆ ಎರಡು ಸೆಂಟಿಮೀಟರ್ ಚಿಲ್ಲರೆ. 1864ರಲ್ಲಿ ಫ್ರಾನ್ಸಿಸ್ ವಾಕರ್ ಅದಕ್ಕೆ ಒಪಿಸಿನಾ ಅರೆನೊಸೆಲ್ಲ ಅಂತ ಹೆಸರಿಟ್ಟಿದ್ದರು. 1905ರಲ್ಲಿ ಮೇರಿಕ್ ಅದಕ್ಕೇ ಮತ್ತೆ ನೆಫ್ಯಾಂಟಿಸ್ ಸೆರಿನೋಪ ಅಂತ ಹೆಸರಿಟ್ಟರು. ಎಷ್ಟೋ ವರ್ಷ ಕೃಷಿ ಪುಸ್ತಕಗಳಲ್ಲಿ ಓಡಿದ್ದು ಆ ಎರಡನೆಯ ಹೆಸರು. ಈಗ ಮೊದಲನೆಯದು ವಾಪಸ್ ಬಂದಿದೆ. ಆದರೂ ಆ ಹುಳುವನ್ನು ಹತೋಟಿಗೆ ತರಲು ತೋಟಕ್ಕೆ ಬಿಡುವ ಪುಟ್ಟ ಕಣಜದ ಹೆಸರು ಇವತ್ತಿಗೂ ಗೋನಿಯೋಜಸ್ ನೆಫ್ಯಾಂಟಿಡಿಸ್. ಹುಳುವಿನ ಹೆಸರು ಬದಲಾಯಿತು, ಕಣಜದ ಹೆಸರಿನಲ್ಲಿ ಹಳೆಯದು ಉಳಿದುಕೊಂಡಿತು. ಈ ಪತಂಗದ ಕುಟುಂಬವೂ ಒಂದೇ ಕಡೆ ನಿಲ್ಲಲಿಲ್ಲ. ಬೇರೆ ಬೇರೆ ಪುಸ್ತಕ ತೆಗೆದರೆ ಕ್ರಿಪ್ಟೊಫ್ಯಾಸಿಡೇ, ಝೈಲೊರಿಕ್ಟಿಡೇ, ಈಕೊಫೊರಿಡೇ ಅಂತ ಬೇರೆ ಬೇರೆ ಮನೆತನ ಸಿಗುತ್ತದೆ.

ಗೋಡೆಯ ಪತಂಗ ಮತ್ತು ತೆಂಗಿನ ಪತಂಗವನ್ನು ಅಕ್ಕಪಕ್ಕ ಇಟ್ಟರೆ ಯಾರಾದರೂ ಎರಡೂ ಹತ್ತಿರದ ನೆಂಟರು ಅಂತಲೇ ಹೇಳುತ್ತಾರೆ. ಅಲ್ಲ. ಟಿನಿಡೇ ಇರುವ ಕೊಂಬೆ ಪತಂಗಗಳ ವಂಶವೃಕ್ಷದಲ್ಲಿ ತುಂಬ ಮೊದಲೇ ಬೇರೆಯಾಗಿ ಹೋಗಿದ್ದು. ತೆಂಗಿನ ಪತಂಗ ಬರುವುದು ಆಮೇಲೆ ಕವಲೊಡೆದ ಗುಂಪಿನಲ್ಲಿ. ಘಟ್ಟದ ಬುಡದ ಊರುಗಳಲ್ಲಿ ಮಳೆಗಾಲದ ರಾತ್ರಿ ದೀಪಕ್ಕೆ ಬರುವ, ಎರಡು ಅಂಗೈ ಅಗಲದ ಅಟ್ಲಾಸ್ ಪತಂಗವೂ ಆ ದೊಡ್ಡ ಗುಂಪಿನದ್ದೇ. ಹಗಲಲ್ಲಿ ಹಾರುವ ಚಿಟ್ಟೆಗಳೂ ಅದೇ ಗುಂಪಿಗೆ ಸೇರುತ್ತವೆ. ಅಂದರೆ ಎರಡು ಸೆಂಟಿಮೀಟರಿನ ತೆಂಗಿನ ಪತಂಗಕ್ಕೆ ಗೋಡೆಯ ಪತಂಗಕ್ಕಿಂತ ಅಟ್ಲಾಸ್ ಪತಂಗ ಹತ್ತಿರದ ಸಂಬಂಧಿ! ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮಡಚಿಟ್ಟು ಸುಮಾರು ಹೊತ್ತು ಅದನ್ನೇ ಯೋಚಿಸಿದೆ. ಗಾತ್ರ, ಬಣ್ಣ ನಂಬಿ ಸಂಬಂಧ ಹೇಳಲಿಕ್ಕಾಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನನಗೆ ಸಿಕ್ಕಿಲ್ಲ.

ತಿನ್ನುವುದರಲ್ಲೂ ಟಿನಿಡೇ ಕುಟುಂಬದವು ಬೇರೆ. ಪತಂಗದ ಹುಳುಗಳು ಅಂದರೆ ಎಲೆ ತಿನ್ನುವವು ಅಂತ ನಮ್ಮ ಅಂದಾಜು. ಈ ಕುಟುಂಬದ ಹೆಚ್ಚಿನವು ಹಸಿರೆಲೆಗೆ ಬಾಯಿ ಹಾಕುವುದಿಲ್ಲ. ಅಣಬೆ, ಬೂಷ್ಟು, ಕಲ್ಲುಹೂವು, ಒಣ ಕಸ, ಗರಿ, ಕೂದಲು, ಇವೇ ಅವುಗಳ ಊಟ. ಗೋಡೆಯ ಹುಳಕ್ಕೆ ಹಳೆಯ ಜೇಡರ ಬಲೆ ಬಹಳ ಇಷ್ಟ. ಪನಾಮಾದಲ್ಲಿ ಆನೆಟ್ ಐಯೆಲ್ಲೊ ಎಂಬ ವಿಜ್ಞಾನಿ ಅಲ್ಯುಟೆಲ್ಲವನ್ನು ಸಾಕಿ 1979ರಲ್ಲಿ ಅದರ ಬದುಕನ್ನು ವಿವರವಾಗಿ ಬರೆದರು. ಹುಳಗಳಿಗೆ ಅವರು ಕೊಟ್ಟಿದ್ದು ಸತ್ತ ಸೊಳ್ಳೆಗಳನ್ನು ಮತ್ತು ತನ್ನದೇ ತಲೆಕೂದಲನ್ನು. ಅದನ್ನು ಓದಿ ನಾನೂ ಹಾರ್ಲಿಕ್ಸ್ ಬಾಟಲಿಗೆ ತೆಳು ಬಟ್ಟೆ ಕಟ್ಟಿ, ಬಾಚಣಿಗೆಯ ಕೂದಲು, ಕಿಟಕಿ ಮೂಲೆಯ ಬಲೆ ಹಾಕಿ ಸಾಕಲು ಶುರು ಮಾಡಿದೆ. ಗಾಳಿಯಲ್ಲಿ ಪಸೆ ಬೇಕು ಇವಕ್ಕೆ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಅದಕ್ಕೇನೂ ಬರ ಇಲ್ಲ. ಆಟಿಯಲ್ಲಿ, ಅಂದರೆ ತುಳುವರ ಜಡಿಮಳೆಯ ತಿಂಗಳಲ್ಲಿ, ಗೋಡೆ ಕೈಗೆ ತಣ್ಣಗೆ ತಾಗುವ ಹೊತ್ತಿಗೆ ಗೂಡುಗಳೂ ನನ್ನ ಕಣ್ಣಿಗೆ ಜಾಸ್ತಿ ಬೀಳುತ್ತವೆ.

ಬಾಟಲಿಯಿಂದ ಪತಂಗ ಬಂತು, ಚುಕ್ಕೆ ಕಂಡಿತು, ಕುಚ್ಚು ಕಂಡಿತು. ಚೆಂದದ ಫೋಟೋ ತೆಗೆದೆ. ಫೋಟೋ ನೋಡಿ ಹೆಸರು ಹೇಳುವ ಆ್ಯಪ್ ಕ್ಷಣದಲ್ಲಿ ಯುಟೆರೆಲ್ಲ ಅಂತ ಹೇಳಿತು. ನಾನು ಅದನ್ನು ಒಪ್ಪಿಕೊಳ್ಳಲಿಲ್ಲ. ಯಾಕೆಂದರೆ ಅಲ್ಯುಟೆಲ್ಲವೂ ಭಾರತದಲ್ಲಿ, ಶ್ರೀಲಂಕಾದಲ್ಲಿ ದಾಖಲಾಗಿದೆ, ಯುಟೆರೆಲ್ಲ ಕೇರಳದಿಂದ ವರದಿಯಾಗಿದೆ. ಎರಡೂ ಬೂದು, ಎರಡಕ್ಕೂ ಚುಕ್ಕೆ, ಎರಡಕ್ಕೂ ಚಪ್ಪಟೆ ಗೂಡು. ಇಂಥ ಕಡೆ ಪ್ರಭೇದ ತೀರ್ಮಾನ ಮಾಡುವುದು ರೆಕ್ಕೆ ನೋಡಿ ಅಲ್ಲ. ಸತ್ತ ಪತಂಗದ ಹೊಟ್ಟೆಯ ಭಾಗ ಬಿಡಿಸಿ, ಕಾಸ್ಟಿಕ್ ಪೊಟ್ಯಾಷ್ ದ್ರಾವಣದಲ್ಲಿ ಬಿಸಿ ಮಾಡಿ ಮೆತ್ತಗೆ ಮಾಡಿ, ಹುರುಪೆಗಳನ್ನು ಕುಂಚದಿಂದ ತೆಗೆದು, ಸಂತಾನೋತ್ಪತ್ತಿಯ ಅಂಗಗಳ ಗಟ್ಟಿ ಭಾಗಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅವುಗಳ ಆಕಾರ ಪ್ರಭೇದದಿಂದ ಪ್ರಭೇದಕ್ಕೆ ಸ್ಪಷ್ಟವಾಗಿ ಬೇರೆ ಇರುತ್ತದೆ. ಬಟ್ಟೆ ಪತಂಗ ಪೆಲಿಯೊನೆಲ್ಲದ ಕಥೆಯೂ ಹೀಗೇ. ಒಂದೇ ಅಂತ ತಿಳಿದಿದ್ದ ಹೆಸರಿನ ಹಿಂದೆ ಒಂದಕ್ಕೊಂದು ಹೋಲುವ ಪ್ರಭೇದಗಳ ಗುಂಪೇ ಇದೆ ಅಂತ 1979ರಲ್ಲಿ ಗೇಡನ್ ರಾಬಿನ್ಸನ್ ಬಿಡಿಸಿ ತೋರಿಸಿದರು. ಮೇರಿಕ್ ಮಾತ್ರ ಕೊನೆಯವರೆಗೂ ಈ ವಿಧಾನವನ್ನು ಒಪ್ಪಲಿಲ್ಲ, ರೆಕ್ಕೆಯ ನರಗಳನ್ನೇ ನಂಬಿದರು. ಅಷ್ಟು ಕೆಲಸ ಮಾಡಿದ ಮನುಷ್ಯ ಇದೊಂದನ್ನು ಒಪ್ಪಿದ್ದರೆ ಅವರ ನಂತರದವರಿಗೆ ಎಷ್ಟೋ ಕೆಲಸ ತಪ್ಪುತ್ತಿತ್ತು.

ಇನ್ನೊಂದು ದಾರಿ ಡಿಎನ್‌ಎ. 2003ರಲ್ಲಿ ಕೆನಡಾದ ಪಾಲ್ ಹೆಬರ್ಟ್ ಮತ್ತು ಜೊತೆಗಾರರು ಒಂದೇ ಜೀನಿನ ಸಣ್ಣ ತುಂಡಿನಿಂದ, ಸುಮಾರು 650 ಅಕ್ಷರಗಳಷ್ಟರಿಂದ, ಪ್ರಭೇದ ಗುರುತಿಸಬಹುದು ಅಂದರು. ಅದಕ್ಕೆ ಪತಂಗದ ಒಂದು ಕಾಲು ಸಾಕು.

ಈ ಎರಡರಲ್ಲಿ ಒಂದನ್ನೂ ನಾನು ಮಾಡಿಲ್ಲ. ಹೀಗಾಗಿ ನನ್ನ ಪಟ್ಟಿಯಲ್ಲಿ ಈ ಪತಂಗದ ಮುಂದೆ ಬರೀ ಫೆರಿಯೀಕಾ ಅಂತಷ್ಟೇ ಇದೆ. ಗೆಳತಿಯೊಬ್ಬಳು "ಅರ್ಧಕ್ಕೇ ಯಾಕೆ ನಿಲ್ಲಿಸಿದೆ, ಆ್ಯಪ್ ಹೇಳಿದ್ದನ್ನೇ ಬರೆ" ಅಂದಳು. ಬರೆದರೆ ಏನಾಗುತ್ತದೆ ಅಂದರೆ, ಆ ಫೋಟೋ ನೋಡಿ ಇನ್ನೊಬ್ಬರು ಅದೇ ಹೆಸರು ಹಾಕುತ್ತಾರೆ, ಅದನ್ನೆಲ್ಲ ನೋಡಿ ಆ್ಯಪ್ ಇನ್ನೂ ಗಟ್ಟಿಯಾಗಿ ಅದನ್ನೇ ಹೇಳುತ್ತದೆ. ಕೊನೆಗೆ ಕರಾವಳಿಯ ನಕ್ಷೆಯ ತುಂಬ ಯುಟೆರೆಲ್ಲದ ಚುಕ್ಕೆ ಬೀಳುತ್ತದೆ, ಒಂದನ್ನೂ ಯಾರೂ ಬಿಡಿಸಿ ನೋಡಿರುವುದಿಲ್ಲ. ಕುಲದ ಹೆಸರು ಬರೆದು ಬಿಟ್ಟರೆ ಮುಂದೆ ಸೂಕ್ಷ್ಮದರ್ಶಕ ಇರುವವರು ಬಂದು ಉಳಿದದ್ದನ್ನು ತುಂಬಲು ಜಾಗ ಇರುತ್ತದೆ. ಅದು ಅರ್ಧ ಅಲ್ಲ, ನಮಗೆ ಕಂಡಷ್ಟರ ಪೂರ್ತಿ ಲೆಕ್ಕ.

ಮನೆಗೆ ತೊಂದರೆ ಇದೆಯಾ ಅಂತ ಎಲ್ಲರೂ ಕೇಳುತ್ತಾರೆ. ಕಚ್ಚುವುದಿಲ್ಲ. ಹತ್ತಿ ಬಟ್ಟೆ ತಿನ್ನುವುದಿಲ್ಲ. ಉಣ್ಣೆ ಸಿಕ್ಕರೆ ತಿನ್ನುತ್ತದೆ, ಹಾಗಾಗಿ ಸ್ವೆಟರ್, ಶಾಲು, ಉಣ್ಣೆ ಕಂಬಳಿ ಇದ್ದರೆ ಬಿಸಿಲಿಗೆ ಹಾಕಿ ಮುಚ್ಚಿದ ಡಬ್ಬಿಯಲ್ಲಿಡಿ. ಜೇಡರ ಬಲೆ ತೆಗೆದು, ಕೋಣೆಗೆ ಗಾಳಿಯಾಡುವ ಹಾಗೆ ನೋಡಿಕೊಂಡರೆ ತಾನಾಗಿ ಕಮ್ಮಿಯಾಗುತ್ತದೆ. ಸ್ಪ್ರೇ ಹೊಡೆಯುವ ಅಗತ್ಯ ನನಗೆ ಕಂಡಿಲ್ಲ.

ಮತ್ತೆ ಒಂದು ಕೋರಿಕೆ. ನಿಮ್ಮ ಗೋಡೆಯಲ್ಲಿ ಕೋಶದ ಸಿಪ್ಪೆ ನೇತಾಡುವ ಗೂಡು ಕಂಡು, ಅದರ ಹತ್ತಿರವೇ ಸಣ್ಣ ಬೂದು ಪತಂಗ ಸತ್ತು ಬಿದ್ದಿದ್ದರೆ ಗುಡಿಸಬೇಡಿ. ಎರಡನ್ನೂ ಒಟ್ಟಿಗೆ ಖಾಲಿ ಬೆಂಕಿಪೊಟ್ಟಣದಲ್ಲಿ ಟಿಶ್ಯೂ ಕಾಗದದ ಮೇಲೆ ಇಡಿ. ಊರು, ತಾರೀಕು, ಯಾವ ಕೋಣೆ, ಗೋಡೆ ಯಾವುದರದ್ದು ಅಂತ ಪೆನ್ಸಿಲಿನಲ್ಲಿ ಬರೆದು ಒಳಗೇ ಹಾಕಿ. ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕೀಟಗಳ ಮೇಲೆ ಕೆಲಸ ಮಾಡುವವರು ಇದ್ದರೆ ಅವರಿಗೆ ಕೊಡಿ. ಗೂಡನ್ನು ಬಿಟ್ಟು ಪತಂಗ ಮಾತ್ರ ಕೊಡಬೇಡಿ, ಎರಡೂ ಒಟ್ಟಿಗೆ ಇದ್ದರೆ ಮಾತ್ರ ಯಾವ ಗೂಡಿನಿಂದ ಯಾವ ಪತಂಗ ಬಂತು ಅಂತ ಅವರಿಗೆ ಹೇಳಲಿಕ್ಕಾಗುವುದು.